ದುಡ್ಡು ಕಟ್ಟುವ ಮೊದಲು ಕೊನೆಯ ಸಾಲನ್ನು ನೋಡಿ

ಮೈಸೂರಿನಲ್ಲಿ ಎರಡು ವರ್ಷಗಳಲ್ಲಿ ನಾನು ಮೂರು ಬೂಟ್ ಕ್ಯಾಂಪ್‌ಗಳಿಗೆ ಸೇರಿದ್ದೇನೆ. ಮೊದಲನೆಯದನ್ನು ಹನ್ನೊಂದನೆಯ ದಿನ ಬಿಟ್ಟೆ, ಎರಡನೆಯದು ತಾನಾಗಿಯೇ ಮುಚ್ಚಿಹೋಯಿತು, ಮೂರನೆಯದಕ್ಕೆ ಈಗಲೂ ಹೋಗುತ್ತಿದ್ದೇನೆ. ನನಗೆ ನಲವತ್ತಾರು ವರ್ಷ. ಬ್ಯಾಂಕಿನಲ್ಲಿ ಕೆಲಸ, ದಿನಕ್ಕೆ ಎಂಟು ಗಂಟೆ ಕುರ್ಚಿ. ಎರಡು ಹೆರಿಗೆ, ಎಡಮಂಡಿಯಲ್ಲಿ ಹಳೆಯ ನೋವು. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ, ಇಪ್ಪತ್ತೈದರ ಹರೆಯದವರು ತಮಗೆ ಬೇಡದ್ದನ್ನು ದಾಟಿಕೊಂಡು ಓದಬಹುದು.

ಬೂಟ್ ಕ್ಯಾಂಪ್ ಎಂಬ ಹೆಸರು ಅಮೆರಿಕದ ಸೇನೆಯದು. ಹೊಸದಾಗಿ ಸೇರಿದವರನ್ನು ಪಳಗಿಸುವ ಶಿಬಿರಕ್ಕೆ ಹಾಗೆನ್ನುತ್ತಾರೆ. ನಮ್ಮ ಮೈದಾನಗಳಿಗೆ ಬರುವಷ್ಟರಲ್ಲಿ ಅದರಲ್ಲಿ ಉಳಿದಿರುವುದು ಶಿಳ್ಳೆ ಮತ್ತು ಕೆಲವರ ಗಂಟಲು. ಹದಿನೈದಿಪ್ಪತ್ತು ಜನ ಸೇರಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಓಟ, ಬಸ್ಕಿ, ದಂಡ, ಮೊಣಕೈ ಊರಿ ಮೈಯನ್ನು ನೆಟ್ಟಗೆ ಹಿಡಿಯುವ ಪ್ಲ್ಯಾಂಕ್, ನೆಗೆತ ಎಲ್ಲವನ್ನೂ ಹೆಚ್ಚು ಬಿಡುವಿಲ್ಲದೆ ಒಂದರ ಹಿಂದೊಂದು ಮಾಡುತ್ತಾರೆ. ಬಸ್ಕಿ, ದಂಡ ನಮ್ಮ ಗರಡಿ ಮನೆಗಳಿಗೆ ಹೊಸತಲ್ಲ. ನನ್ನ ತಾತ ಗರಡಿಗೆ ಹೋಗುತ್ತಿದ್ದವರು. ಹೊಸ ಹುಡುಗ ಬಂದರೆ ಉಸ್ತಾದರು ಮೊದಲ ಕೆಲವು ವಾರ ಅವನ ಕೈಗೆ ಗುದ್ದಲಿ ಕೊಟ್ಟು ಮಟ್ಟಿಯ ಮಣ್ಣು ಹದ ಮಾಡಿಸುತ್ತಿದ್ದರಂತೆ. ಅವನ ಸೊಂಟ ಎಷ್ಟು ತಡೆದೀತು ಎಂಬುದು ಅಷ್ಟರಲ್ಲಿ ಗೊತ್ತಾಗುತ್ತಿತ್ತು.

ನನ್ನ ಮೊದಲ ಕ್ಯಾಂಪ್‌ನಲ್ಲಿ ಇಂಥ ಉಸ್ತಾದರಿರಲಿಲ್ಲ. ಅದನ್ನು ಆರಿಸಿಕೊಂಡದ್ದು ಫೋಟೊ ನೋಡಿ: 'ಮೊದಲು' ಎಂದೊಂದು ಹೊಟ್ಟೆ, 'ಆಮೇಲೆ' ಎಂದೊಂದು ಹೊಟ್ಟೆ. ಮೂರು ತಿಂಗಳ ಒಂಬತ್ತು ಸಾವಿರ ರೂಪಾಯಿಯನ್ನು ಒಂದೇ ಸಲ ಕಟ್ಟಿದೆ. ಮೊದಲ ದಿನವೇ ಬರ್ಪಿ. ನಿಂತಲ್ಲಿಂದ ಕುಕ್ಕರಗಾಲಿಗೆ ಇಳಿದು, ಅಂಗೈ ಊರಿ, ಕಾಲುಗಳನ್ನು ಹಿಂದಕ್ಕೆ ಚಾಚಿ, ಮತ್ತೆ ಒಳಗೆಳೆದುಕೊಂಡು ಎದ್ದು ನೆಗೆಯಬೇಕು. 1930ರ ದಶಕದಲ್ಲಿ ರಾಯಲ್ ಬರ್ಪಿ ಎಂಬ ಅಮೆರಿಕದ ಶರೀರಶಾಸ್ತ್ರಜ್ಞ ಜನರ ದೇಹಶಕ್ತಿಯನ್ನು ಅಳೆಯಲೆಂದು ಇದನ್ನು ರೂಪಿಸಿದ. ಕೊನೆಯ ನೆಗೆತ ಅವನದ್ದಲ್ಲ, ಆಮೇಲೆ ಬಂದವರು ಸೇರಿಸಿದ್ದು. ನಮ್ಮಿಂದ ಅರವತ್ತು ಮಾಡಿಸಿದರು. ಪಕ್ಕದಲ್ಲಿದ್ದವರೊಬ್ಬರು ಬೇಲಿಯ ಬಳಿಗೆ ಹೋಗಿ ವಾಂತಿ ಮಾಡಿಕೊಂಡರು. ತರಬೇತುದಾರ ಚಪ್ಪಾಳೆ ತಟ್ಟಿದ. ನಾನು ಆಗಲೇ ಚೀಲ ಎತ್ತಿಕೊಂಡು ಹೊರಡಬೇಕಿತ್ತು. ಒಂಬತ್ತು ಸಾವಿರದ ಮುಖ ನೋಡಿ ಮತ್ತೆ ಹತ್ತು ದಿನ ಹೋದೆ.

ಆದ್ದರಿಂದ ಮೊದಲ ಮಾತು: ದುಡ್ಡು ಕಟ್ಟುವ ಮೊದಲು ಒಂದು ಪೂರ್ತಿ ತರಗತಿಯನ್ನು ಹೊರಗೆ ನಿಂತು ನೋಡಿ. ಮುಂದಿನ ಸಾಲನ್ನು ನೋಡಬೇಡಿ. ಅಲ್ಲಿರುವವರು ಯಾರ ಕೈಕೆಳಗಾದರೂ ಚೆನ್ನಾಗಿಯೇ ಮಾಡುತ್ತಾರೆ. ಕೊನೆಯ ಸಾಲಿನಲ್ಲಿ ಏದುಸಿರು ಬಿಡುತ್ತಿರುವವರನ್ನು ಹುಡುಕಿ, ತರಬೇತುದಾರ ಅವರೊಡನೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದನ್ನು ನೋಡಿ. ಈಗಿನ ಕ್ಯಾಂಪ್‌ಗೆ ನಾನು ಸೇರಿದ್ದು ಹೀಗೆ ನೋಡಿಯೇ. ಹಿಂದೆ ಚೂಡಿದಾರ ತೊಟ್ಟ, ಅರವತ್ತರ ಆಸುಪಾಸಿನ ಒಬ್ಬ ಅಮ್ಮ ಇದ್ದರು. ಎಲ್ಲರೂ ಬಸ್ಕಿ ಹೊಡೆಯುವಾಗ ಅವರಿಗೆ ಕಲ್ಲುಬೆಂಚಿನ ಮೇಲೆ ಕುಳಿತು ಏಳುವ ಕೆಲಸ. ಎಲ್ಲರೂ ನೆಗೆಯುವಾಗ ಅವರು ಒಂದೊಂದೇ ಕಾಲನ್ನು ಪಕ್ಕಕ್ಕಿಟ್ಟು ಮತ್ತೆ ಸೇರಿಸುತ್ತಿದ್ದರು. ತರಬೇತಿ ಕೊಡುವ ಹುಡುಗಿ ಅವರ ಬೆನ್ನು ಬಾಗಿದ್ದನ್ನು ಎರಡು ಸಲ ಬಂದು ತಿದ್ದಿದಳು. ಅದಕ್ಕಾಗಿ ತರಗತಿಯನ್ನು ನಿಲ್ಲಿಸಲಿಲ್ಲ, ಯಾರನ್ನೂ ನಗಿಸಲಿಲ್ಲ. ಆವತ್ತೇ ಹೆಸರು ಬರೆಸಿದೆ.

ಹೀಗೆ ಒಬ್ಬರೇ ಎಲ್ಲರನ್ನೂ ಗಮನಿಸಬೇಕಾದರೆ ಜನ ಮಿತಿಯಲ್ಲಿರಬೇಕು. ಹದಿನೈದರ ತನಕ ಒಪ್ಪುತ್ತೇನೆ. ಮೂವತ್ತು ಜನಕ್ಕೆ ಒಬ್ಬನೇ ಇದ್ದರೆ ಅಲ್ಲಿ ಕೆಲಸ ಮಾಡುತ್ತಿರುವುದು ಧ್ವನಿವರ್ಧಕ.

ಎರಡನೆಯದು, ಅವರು ನಿಮ್ಮನ್ನು ಏನು ಕೇಳುತ್ತಾರೆ ಎಂಬುದು. ತೂಕ ಕೇಳಿ ಸುಮ್ಮನಾದರೆ ಅನುಮಾನಿಸಿ. ಎದೆನೋವು ಬಂದಿತ್ತೇ, ತಲೆ ಸುತ್ತುತ್ತದೆಯೇ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇವೆಯೇ, ಯಾವ ಮಾತ್ರೆ, ಯಾವ ಕೀಲು ನೋಯುತ್ತದೆ ಎಂದು ಕೇಳಬೇಕು. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರಿಗೆ ಬರೀ 46. ಆ ದಿನಗಳಲ್ಲಿ ಹೃದಯ ತಪಾಸಣೆಗೆ ಜನ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದು ನೆನಪಿರಬಹುದು. ಆ ಭಯ ಈಗ ಇಳಿದಿದೆ, ಸಾಲೂ ಕರಗಿದೆ. ನಲವತ್ತು ದಾಟಿ ವರ್ಷಗಟ್ಟಲೆ ಕುಳಿತೇ ಇದ್ದವರು, ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಕಂಡವರು ವೈದ್ಯರನ್ನು ನೋಡಿಯೇ ಸೇರಿ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವ್ಯಾಯಾಮದ ನಡುವೆ ಸಕ್ಕರೆ ಇಳಿಯಬಹುದು. ನನ್ನ ಸಹೋದ್ಯೋಗಿಯೊಬ್ಬರ ಜೇಬಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಸದಾ ಇರುತ್ತದೆ.

ಹೆಂಗಸರು ಬಾಯಿಬಿಟ್ಟು ಹೇಳದ ಒಂದು ವಿಷಯವನ್ನು ನಾನು ಹೇಳಿಬಿಡುತ್ತೇನೆ. ಹೆರಿಗೆಯಾದ ಅನೇಕರಿಗೆ ಹಗ್ಗದಾಟ, ನೆಗೆತ ಮಾಡುವಾಗ ಮೂತ್ರ ಸೋರುತ್ತದೆ. ನನಗೂ ಆಗುತ್ತಿತ್ತು. ಮೊದಲ ಕ್ಯಾಂಪ್‌ನಲ್ಲಿ ನಾಚಿಕೆಯಿಂದ ನೀರು ಕುಡಿಯುವುದನ್ನೇ ಬಿಟ್ಟಿದ್ದೆ, ಅದು ಶುದ್ಧ ದಡ್ಡತನ. ಈಗಿನ ತರಬೇತಿದಾರಳಿಗೆ ಒಂದು ಮಾತು ಹೇಳಿದ್ದಕ್ಕೆ ನೆಗೆತದ ಬದಲು ಬೇರೆ ಕೊಟ್ಟಳು; ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಗೊಳಿಸುವ ವ್ಯಾಯಾಮವನ್ನು ಫಿಸಿಯೋಥೆರಪಿಯವರ ಬಳಿ ಕಲಿತೆ. ಇದನ್ನು ಹೇಳಲು ಬಾಯಿ ಬರುವಂಥ ಮನುಷ್ಯರು ಅಲ್ಲಿದ್ದಾರೆಯೇ ಎಂದು ನೋಡಿಕೊಳ್ಳಿ. ಹತ್ತಿರದಲ್ಲಿ ಶೌಚಾಲಯ ಇದೆಯೇ ಎಂದೂ.

ನೆಲವನ್ನು ಮೆಟ್ಟಿ ನೋಡಿ. ಸಿಮೆಂಟು, ಇಂಟರ್‌ಲಾಕ್ ಇಟ್ಟಿಗೆಯ ಮೇಲೆ ದಿನವೂ ನೆಗೆದರೆ ಮಂಡಿ ಲೆಕ್ಕ ಇಟ್ಟುಕೊಳ್ಳುತ್ತದೆ. ಮಣ್ಣಿನ ನೆಲ ಒಳ್ಳೆಯದು. ಹುಲ್ಲೂ ಸರಿಯೇ, ಆದರೆ ಇಬ್ಬನಿ ಬಿದ್ದ ಹುಲ್ಲಿನಡಿ ಗುಂಡಿ ಕಾಣಿಸುವುದಿಲ್ಲ. ಐದೂವರೆಯ ತರಗತಿಯಾದರೆ ಡಿಸೆಂಬರಿನಲ್ಲಿ ದೀಪವಿದೆಯೇ, ದಾರಿಯಲ್ಲಿ ಬೀದಿನಾಯಿಗಳ ಕಾಟ ಹೇಗೆ, ಮಳೆ ಬಂದರೆ ಎಲ್ಲಿ ನಡೆಸುತ್ತಾರೆ ಎಂದು ಕೇಳಿ. ನನ್ನ ಎರಡನೆಯ ಕ್ಯಾಂಪ್ ಮುಳುಗಿದ್ದು ಹೀಗೆಯೇ: ಸಂಜೆಯ ತರಗತಿ, ಅಕ್ಟೋಬರಿನ ಮಳೆ, ಸೂರಿಲ್ಲ. ಒಳ್ಳೆಯ ತರಬೇತುದಾರ, ಪಾಪ.

ಶುಲ್ಕವನ್ನು ತಿಂಗಳ ಲೆಕ್ಕದಲ್ಲಿ ಮಾತ್ರ ಕಟ್ಟಿ. ಆರು ದಿನ ಬರಲೇಬೇಕು ಎಂದು ಒತ್ತಾಯಿಸುವವರಿಗೆ ಒಪ್ಪಬೇಡಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ಶ್ರಮ ಅಥವಾ 75 ನಿಮಿಷದ ತೀವ್ರ ಶ್ರಮ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಐವತ್ತು ನಿಮಿಷದ ಮೂರು ತರಗತಿಗಳಿಗೆ ಇದು ಸರಿಹೋಗುತ್ತದೆ.

ಸೇರಿದ ಮೇಲೆ ಎರಡು ವಾರ ನಿಮ್ಮನ್ನು ನೀವೇ ಗಮನಿಸಿಕೊಳ್ಳಿ. ಮಾತನಾಡಲು ಆಗುತ್ತದೆ, ಹಾಡಲು ಆಗುವುದಿಲ್ಲ ಎಂದರೆ ಅದು ಮಧ್ಯಮ ಶ್ರಮ. ಉಸಿರೆಳೆಯದೆ ಒಂದೆರಡು ಪದಕ್ಕಿಂತ ಹೆಚ್ಚು ಹೊರಡದಿದ್ದರೆ ತೀವ್ರ. ತರಗತಿಯುದ್ದಕ್ಕೂ ಎರಡನೆಯ ಸ್ಥಿತಿಯಲ್ಲೇ ಇದ್ದರೆ ಆ ಕ್ಯಾಂಪ್ ಸದ್ಯಕ್ಕೆ ನಿಮ್ಮದಲ್ಲ. ಮೈಕೈ ನೋವು ಒಂದರಿಂದ ಮೂರು ದಿನದೊಳಗೆ ಏರಿ ಇಳಿಯುವುದು ಸಹಜ. ಮೊದಲ ವಾರ ನಾನು ಬ್ಯಾಂಕಿನ ಮೆಟ್ಟಿಲನ್ನು ಕಟಕಟೆ ಹಿಡಿದು ಪಕ್ಕಕ್ಕೆ ತಿರುಗಿ ಇಳಿಯುತ್ತಿದ್ದೆ. ಒಂದೇ ಕೀಲಿನಲ್ಲಿ ಚುಚ್ಚುವ ನೋವು ಬೇರೆ, ಅದು ಬಂದರೆ ನಿಲ್ಲಿಸಿ. ಇನ್ನು ಅತಿಯಾಗಿ ದಣಿದ ಮೇಲೆ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿದರೆ ಮರುದಿನಕ್ಕೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಸ್ನಾಯುಗಳು ಒಡೆದು ಮೂತ್ರಪಿಂಡಕ್ಕೆ ಪೆಟ್ಟಾಗುವ ಲಕ್ಷಣ ಅದು.

ನಮ್ಮ ಕ್ಯಾಂಪ್ ಸೋಮವಾರ, ಬುಧವಾರ, ಶುಕ್ರವಾರ. ಭಾನುವಾರ ಮಂಡಿ ಒಪ್ಪಿದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇನೆ. ಇಳಿಯುವುದು ಮಾತ್ರ ಬಸ್ಸಿನಲ್ಲಿ. ಆ ಚೂಡಿದಾರದ ಅಮ್ಮ ಕಳೆದ ತಿಂಗಳು ಕಲ್ಲುಬೆಂಚನ್ನು ಬಿಟ್ಟರು. ಈಗ ನನಗಿಂತ ಒಂದು ಸಾಲು ಮುಂದಿದ್ದಾರೆ.