ಲಿಬ್ರೆಆಫೀಸ್ ಡಿಸೈನ್ ತಂಡದ ಕೆಲಸ: ದೂರಿನಿಂದ ಪ್ಯಾಚ್‌ವರೆಗೆ

ಲಿಬ್ರೆಆಫೀಸ್ ಎಂಬುದು ಬರಹ, ಲೆಕ್ಕಪಟ್ಟಿ ಮುಂತಾದ ಕಚೇರಿ ಕೆಲಸಗಳ ಉಚಿತ, ಮುಕ್ತ ಸಾಫ್ಟ್‌ವೇರ್. ಅದರ ಡಿಸೈನ್ ತಂಡಕ್ಕೆ ಹೊಸದಾಗಿ ಬರುವವರು ಬಹುಮಟ್ಟಿಗೆ ಇಡೀ ರೈಟರ್‌ಗೆ, ಅಂದರೆ ಅದರ ಬರಹದ ಪ್ರೋಗ್ರಾಂಗೆ, ಹೊಸ ರೂಪ ಬಿಡಿಸಿಕೊಂಡೇ ಬರುತ್ತಾರೆ. ಚಿತ್ರ ಚೆನ್ನಾಗಿರುತ್ತದೆ, ಆದರೆ ಅದನ್ನು ಕೋಡ್ ಮಾಡಲು ಯಾರೂ ಸಿಗುವುದಿಲ್ಲ. ಡೆವಲಪರ್‌ಗಳಲ್ಲೂ ಅನೇಕರು ನಮ್ಮ ಹಾಗೆಯೇ ಬಿಡುವಿನಲ್ಲಿ ಕೆಲಸ ಮಾಡುವವರು. ಒಂದೆರಡು ಸಂಜೆಯಲ್ಲಿ ಮುಗಿಯುವಷ್ಟು ಚಿಕ್ಕ ತುಂಡು ಕೊಟ್ಟರೆ ಮಾತ್ರ ಅವರ ಕೈಗೆ ಹತ್ತುತ್ತದೆ. ಆದ್ದರಿಂದ ನಾನು ಕೆಲಸ ಶುರುಮಾಡುವುದು ಬಳಕೆದಾರರ ದೂರುಗಳು ದಾಖಲಾಗುವ ಬಗ್‌ಜಿಲ್ಲಾ ತಾಣದಲ್ಲಿ. ವಿನ್ಯಾಸದ ಅಭಿಪ್ರಾಯ ಬೇಕಾದ ದೂರುಗಳಿಗೆ ಅಲ್ಲಿ ‘ನೀಡ್ಸ್‌ಯುಎಕ್ಸ್‌ಇವ್ಯಾಲ್’ ಎಂಬ ಕೀವರ್ಡ್ ಹಾಕಿರುತ್ತಾರೆ, ಹುಡುಕಿದರೆ ಪಟ್ಟಿ ಸಿಗುತ್ತದೆ.

ದೂರು ಕೊಡುವವರು ಸಾಮಾನ್ಯವಾಗಿ ಪರಿಹಾರವನ್ನೇ ಬರೆದಿರುತ್ತಾರೆ: ‘ಇಲ್ಲೊಂದು ಬಟನ್ ಕೊಡಿ’. ಬಟನ್ ಬಗ್ಗೆ ಚರ್ಚೆಗೆ ಇಳಿಯುವ ಮೊದಲು, ಅವರು ಏನು ಮಾಡಲು ಹೊರಟಿದ್ದರು, ಎಲ್ಲಿ ಸಿಕ್ಕಿಹಾಕಿಕೊಂಡರು ಎಂದು ಕೇಳಬೇಕು. ಅದೇ ತೊಂದರೆಯ ಹಳೆಯ ದೂರುಗಳನ್ನು ಹುಡುಕಿ ಒಂದಕ್ಕೊಂದು ಜೋಡಿಸಬೇಕು. ಹೆಲ್ಪ್ ಮೆನುವಿನಲ್ಲಿ ಸೇಫ್ ಮೋಡ್ ಇದೆ, ಬಳಕೆದಾರರ ಪ್ರೊಫೈಲ್ (ಅವರು ಉಳಿಸಿದ ಸೆಟ್ಟಿಂಗ್‌ಗಳು) ಬಿಟ್ಟು ಪ್ರೋಗ್ರಾಂ ತೆರೆಯಲು. ಅದರಲ್ಲಿ ತೆರೆದಾಗಲೂ ತೊಂದರೆ ಉಳಿದರೆ, ಅದು ಬಳಕೆದಾರರ ಪ್ರೊಫೈಲ್ ಕೆಟ್ಟು ಬಂದದ್ದಲ್ಲ ಎನ್ನಬಹುದು.

ಪುಟಸಂಖ್ಯೆಯನ್ನೇ ನೋಡಿ. ರೈಟರ್‌ನಲ್ಲಿ ಫುಟರ್ (ಪುಟದ ಕೆಳಗಿನ ಪಟ್ಟಿ) ಎನ್ನುವುದು ಪುಟದ ಸ್ಟೈಲ್‌ಗೆ, ಅಂದರೆ ಪುಟಗಳ ರೂಪ ನಿರ್ಧರಿಸುವ ಸೆಟ್ಟಿಂಗ್‌ಗಳ ಗುಂಪಿಗೆ, ಸೇರಿದ್ದು. ಹಾಗಾಗಿ ಮೊದಲು ಇನ್‌ಸರ್ಟ್ ಮೆನುವಿನಿಂದ ಆ ಸ್ಟೈಲ್‌ಗೆ ಫುಟರ್ ಹಾಕಿಕೊಳ್ಳಬೇಕು, ಕರ್ಸರ್ ಅದರೊಳಗೆ ಇಡಬೇಕು, ಆಮೇಲೆ ಪುಟಕ್ಕೆ ತಕ್ಕಂತೆ ತಾನೇ ಬದಲಾಗುವ ಸಂಖ್ಯೆಯ ಫೀಲ್ಡ್ ಸೇರಿಸಬೇಕು. ಇದು ಗೊತ್ತಿಲ್ಲದವರು ನೇರವಾಗಿ ‘ಪೇಜ್ ನಂಬರ್’ ಒತ್ತುತ್ತಿದ್ದರು. ಬರಹದ ನಡುವೆ ಕರ್ಸರ್ ಇದ್ದ ಜಾಗದಲ್ಲಿ ಒಂದು ಅಂಕಿ ಬಂದು ಕೂರುತ್ತಿತ್ತು, ಉಳಿದ ಪುಟಗಳು ಖಾಲಿಯೇ. 2023ರ 7.6 ಆವೃತ್ತಿಯಲ್ಲಿ ಅದೇ ಮೆನುವಿಗೆ ಒಂದು ಚಿಕ್ಕ ಡೈಲಾಗ್ (ಆಯ್ಕೆ ಕೇಳುವ ಕಿಟಕಿ) ಬಂತು: ಮೇಲೋ ಕೆಳಗೋ, ಎಡವೋ ನಡುವೋ ಬಲವೋ ಎಂದು ಆರಿಸಿದರೆ ಹೆಡರ್ ಅಥವಾ ಫುಟರ್ ಹಾಕಿ ಸಂಖ್ಯೆ ಸೇರಿಸುವುದನ್ನು ಅದೇ ಮಾಡಿಕೊಡುತ್ತದೆ. ಒಳಗಿನ ಸ್ಟೈಲ್ ವ್ಯವಸ್ಥೆ ಮೊದಲಿದ್ದಂತೆಯೇ ಇದೆ, ಹಳೆಯ ಕಡತಗಳಿಗೆ ಧಕ್ಕೆಯಿಲ್ಲ. ಸುಧಾರಣೆ ಎಂದರೆ ನನ್ನ ಮಟ್ಟಿಗೆ ಇಂಥದ್ದೇ.

ಇಂಥ ತೊಡಕನ್ನು ಸಾಬೀತು ಮಾಡಲು ದೊಡ್ಡ ಸಮೀಕ್ಷೆ ಬೇಡ. ಐದು ಜನ ಸಾಕು, ಆದರೆ ಅವರು ಲಿನಕ್ಸ್ ಗೆಳೆಯರಾಗಿರಬಾರದು. ಶಾಲೆಯ ಶಿಕ್ಷಕರು, ಸೊಸೈಟಿಯ ಗುಮಾಸ್ತರು, ಪ್ರಾಜೆಕ್ಟ್ ವರದಿ ಬರೆಯುವ ವಿದ್ಯಾರ್ಥಿಗಳು ಆದರೆ ಒಳ್ಳೆಯದು. ಕೆಲಸ ಹೇಳುವಾಗ ಮೆನುವಿನಲ್ಲಿರುವ ಪದ ಬಾಯಿಗೆ ಬರಬಾರದು. ‘ಫುಟರ್ ಹಾಕಿ’ ಎಂದರೆ ಉತ್ತರ ಹೇಳಿಕೊಟ್ಟಂತೆ. ‘ಪ್ರತಿ ಪುಟದ ಕೆಳಗೆ ಸಂಖ್ಯೆ ಬರಬೇಕು’ ಎಂದಷ್ಟೇ ಹೇಳಿ ಸುಮ್ಮನೆ ಕೂರಬೇಕು. ಮೌಸ್ ಮೊದಲು ಯಾವ ಮೆನುವಿಗೆ ಹೋಯಿತು ಎಂಬುದನ್ನು ಮಾತ್ರ ತಪ್ಪದೆ ಬರೆದುಕೊಳ್ಳಿ. ಐವರಲ್ಲಿ ಮೂವರು ಫಾರ್ಮ್ಯಾಟ್ ಮೆನು ತೆರೆದರೆ, ಯಾವ ವಾದಕ್ಕಿಂತಲೂ ಅದು ಗಟ್ಟಿ. ಅಬೌಟ್ ಡೈಲಾಗ್‌ನಲ್ಲಿ ಆವೃತ್ತಿಯ ವಿವರ ಕಾಪಿ ಮಾಡುವ ಬಟನ್ ಇದೆ. ಆ ವಿವರದ ಜೊತೆಗೆ ಟಿಪ್ಪಣಿಯನ್ನು ದೂರಿನಲ್ಲೇ ಹಾಕಿ. ಮೀಟಿಂಗ್‌ನಲ್ಲಿ ಬಾಯಿಮಾತಿಗೆ ಒಪ್ಪಿಕೊಂಡದ್ದು ದಾಖಲೆಯಾಗದಿದ್ದರೆ, ವರ್ಷ ಕಳೆದ ಮೇಲೆ ಅದೇ ಚರ್ಚೆ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಇನ್ನು ಡೈಲಾಗ್ ತಿದ್ದುವುದು. ಇಡೀ ಸೋರ್ಸ್ (ಮೂಲ ಕೋಡ್) ಕಂಪೈಲ್ ಮಾಡಿ ಪ್ರೋಗ್ರಾಂ ಆಗಿಸಲು ಗಂಟೆಗಟ್ಟಲೆ ಹಿಡಿಯುತ್ತದೆ, ಪ್ರಯೋಗಕ್ಕೆ ಅದು ಬೇಕಿಲ್ಲ. ಡೈಲಾಗ್‌ಗಳು .ಯುಐ ಎಂಬ ಎಕ್ಸ್‌ಎಂಎಲ್ ಕಡತಗಳಲ್ಲಿವೆ. ಇನ್‌ಸ್ಟಾಲ್ ಆದ ಫೋಲ್ಡರಿನ ‘ಶೇರ್’ನೊಳಗೆ ‘ಕಾನ್ಫಿಗ್’, ಅದರೊಳಗೆ ‘ಸಾಫೀಸ್.ಸಿಎಫ್‌ಜಿ’ಯಲ್ಲಿ ಸಿಗುತ್ತವೆ. ದಿನದ ಬಿಲ್ಡ್ (ದಿನವೂ ಹೊಸದಾಗಿ ಸಿದ್ಧವಾಗುವ ಪರೀಕ್ಷಾ ಆವೃತ್ತಿ) ಇಳಿಸಿಕೊಂಡು, ಕಡತದ ಪ್ರತಿ ಎತ್ತಿಟ್ಟು, ಡೈಲಾಗ್ ತಿದ್ದುವ ಸಾಧನವಾದ ಗ್ಲೇಡ್‌ನಲ್ಲಿ ಅಥವಾ ಸಾದಾ ಎಡಿಟರ್‌ನಲ್ಲಿ ತಿದ್ದಿ, ಪ್ರೋಗ್ರಾಂ ಮುಚ್ಚಿ ತೆರೆದರೆ ಬದಲಾವಣೆ ಕಾಣುತ್ತದೆ. ಒಂದು ಎಚ್ಚರಿಕೆ: ಕೋಡ್ ಪ್ರತಿ ವಿಜೆಟ್ಟನ್ನು (ಬಟನ್, ಪೆಟ್ಟಿಗೆಯಂಥ ಭಾಗವನ್ನು) ಅದರ ಐಡಿಯಿಂದ ಗುರುತಿಸುತ್ತದೆ. ಐಡಿ ಬದಲಿಸಿದರೆ ಡೈಲಾಗ್ ತೆರೆಯುವಾಗಲೇ ಪ್ರೋಗ್ರಾಂ ಬಿದ್ದುಹೋಗಬಹುದು.

ಕನ್ನಡದವರು ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತಾರೆ. ಆಪ್ಷನ್ಸ್‌ನಲ್ಲಿ ಇಂಟರ್‌ಫೇಸ್ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಅದೇ ಡೈಲಾಗ್ ತೆರೆಯಿರಿ. ಅಗಲ, ಎತ್ತರ ಪಿಕ್ಸೆಲ್‌ನಲ್ಲಿ ಕಟ್ಟಿಹಾಕಿದ್ದರೆ ಬಟನ್ ಮೇಲಿನ ಪದ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ಸಾಲಿನ ಕೆಳಗಿಳಿಯುವ ಒತ್ತಕ್ಷರ ಮಾಯವಾಗುತ್ತದೆ, ‘ಪಟ್ಟಿ’ ‘ಪಟಿ’ಯಾಗಿ ಕಾಣುತ್ತದೆ. ಪಿಕ್ಸೆಲ್ ಅಳತೆ ತೆಗೆದು, ಅಗತ್ಯವಿದ್ದಲ್ಲಿ ಅಕ್ಷರಗಳ ಲೆಕ್ಕದಲ್ಲಿ ಅಗಲ ಕೊಟ್ಟು, ವಿಜೆಟ್ ಹಿಗ್ಗಲು ಬಿಟ್ಟರೆ ಸರಿಹೋಗುತ್ತದೆ. ಶಾರ್ಟ್‌ಕಟ್ ಅಕ್ಷರವನ್ನು ಕನ್ನಡ ಅನುವಾದದಲ್ಲಿ ಪದದ ಕೊನೆಗೆ ಆವರಣದಲ್ಲಿ ಸೇರಿಸುವುದರಿಂದ ಪದ ಇನ್ನಷ್ಟು ಉದ್ದವಾಗುತ್ತದೆ, ಅದಕ್ಕೂ ಜಾಗ ಬಿಡಬೇಕು.

ಇಂಗ್ಲಿಷ್ ಪದಗಳನ್ನು ಮುಟ್ಟುವ ಮುನ್ನ ಎರಡು ಸಲ ಯೋಚಿಸಿ. ಮೂಲದಲ್ಲಿ ಒಂದು ಪದ ಬದಲಾದರೂ ಎಲ್ಲ ಭಾಷೆಗಳ ಅನುವಾದಕರು ಆ ಸಾಲನ್ನು ಮತ್ತೆ ನೋಡಬೇಕಾಗುತ್ತದೆ. ಅನುವಾದಕರು ಕಡಿಮೆಯಿರುವ ಭಾಷೆಗಳಲ್ಲಿ ಆ ಜಾಗದಲ್ಲಿ ಇಂಗ್ಲಿಷ್ ಬಂದು ಕೂರುತ್ತದೆ. ಅರ್ಥ ತಪ್ಪಾಗಿದ್ದರೆ ಬದಲಿಸಲೇಬೇಕು, ಬರಿಯ ಅಂದಕ್ಕಾದರೆ ಬೇಡ. ಲೇಬಲ್ ಯಾವ ಪೆಟ್ಟಿಗೆಗೆ ಸೇರಿದ್ದು ಎಂಬ ಕೊಂಡಿಯನ್ನೂ .ಯುಐ ಕಡತದಲ್ಲೇ ಕೊಡಬೇಕು. ಅದಿಲ್ಲದಿದ್ದರೆ ಸ್ಕ್ರೀನ್ ರೀಡರ್ ಬಳಸುವವರಿಗೆ ಹೆಸರಿಲ್ಲದ ಪೆಟ್ಟಿಗೆ ಮಾತ್ರ ಕೇಳಿಸುತ್ತದೆ. ಇದನ್ನು ಪತ್ತೆಹಚ್ಚಲು ಸೋರ್ಸ್ ಜೊತೆಗೇ ‘ಗ್ಲಾ11ವೈ’ ಎಂಬ ಸ್ಕ್ರಿಪ್ಟ್ ಇದೆ.

ಪ್ಯಾಚ್, ಅಂದರೆ ಕೋಡ್‌ಗೆ ಮಾಡಿದ ತಿದ್ದುಪಡಿ, ಹೋಗುವುದು ಗೆರಿಟ್‌ಗೆ, ಅದನ್ನು ಇತರರು ಪರಿಶೀಲಿಸುವ ತಾಣಕ್ಕೆ. ತಿದ್ದುಪಡಿಯ ಜೊತೆ ಬರೆಯುವ ಕಮಿಟ್ ಸಂದೇಶದ ಮೊದಲಲ್ಲೇ ದೂರಿನ ಸಂಖ್ಯೆ ಇರಲಿ, ಮೊದಲಿನ ಮತ್ತು ಈಗಿನ ಸ್ಕ್ರೀನ್‌ಶಾಟ್ ದೂರಿಗೆ ಅಂಟಿಸಿ. ಲಿನಕ್ಸ್‌ನಲ್ಲಿ ಕಿಟಕಿ, ಬಟನ್ ಬಿಡಿಸುವ ಜಿಟಿಕೆಯಲ್ಲಿ ಸರಿ ಕಂಡದ್ದು ವಿಂಡೋಸ್‌ನಲ್ಲಿ ಕೆಟ್ಟು ಕಾಣಬಹುದು, ಎರಡರದ್ದೂ ಹಾಕಿದರೆ ಪರಿಶೀಲಿಸುವವರ ಸಮಯ ಉಳಿಯುತ್ತದೆ. ಮುಖ್ಯ ಆವೃತ್ತಿಗಳು ಫೆಬ್ರುವರಿ ಮತ್ತು ಆಗಸ್ಟ್‌ನಲ್ಲಿ ಬರುತ್ತವೆ. ಬಿಡುಗಡೆಗೆ ಮುಂಚೆಯೇ ಪದಗಳನ್ನೂ ಪರದೆಯ ರೂಪವನ್ನೂ ಬದಲಿಸಬಾರದೆಂದು ತಡೆ ಬೀಳುತ್ತದೆ. ಆದ್ದರಿಂದ ಮೆನು ಬದಲಿಸುವ ಪ್ಯಾಚ್‌ಗಳನ್ನು ಹಿಂದಿನ ಆವೃತ್ತಿಯ ಶಾಖೆ (ಬಿಡುಗಡೆಗೆಂದು ಪ್ರತ್ಯೇಕಿಸುವ ಕೋಡ್‌ನ ಪ್ರತಿ) ಬೇರ್ಪಟ್ಟ ಕೂಡಲೇ ಕಳಿಸಿ. ದಿನದ ಬಿಲ್ಡ್ ಬಳಸುವವರ ದೂರುಗಳು ಬರಲು, ಬೇಕಿದ್ದರೆ ಬದಲಾವಣೆಯನ್ನು ಹಿಂದೆಗೆಯಲು ಆಗ ಸಾಕಷ್ಟು ಸಮಯ ಉಳಿಯುತ್ತದೆ.