ಕತ್ತು ಹಿಡಿದವರಿಗೆ 90 ಸೆಕೆಂಡು

ಕತ್ತು ಹಿಡಿದುಕೊಂಡು ನನ್ನ ಬಳಿ ಬರುವವರಲ್ಲಿ ಅನೇಕರು ಕಾಯುವುದು ಒಂದು ಸದ್ದಿಗೆ. ‘ಲಟಕ್’ ಅಂದರೆ ಕೆಲಸ ಆಯಿತು, ಅನ್ನದಿದ್ದರೆ ಕೊಟ್ಟ ದುಡ್ಡು ದಂಡ. ಕ್ಷೌರದಂಗಡಿಯಲ್ಲಿ ತಲೆ ತಿಕ್ಕಿಸಿಕೊಂಡು ಕತ್ತು ತಿರುವಿಸಿಕೊಂಡ ರೂಢಿ ಅದು. ಆದರೆ ಆ ಸದ್ದು ಕೀಲಿನ ದ್ರವದೊಳಗಿನ ಅನಿಲದ್ದು, ಮೂಳೆ ಜಾಗಕ್ಕೆ ಕೂತದ್ದರದ್ದಲ್ಲ. ರಭಸದ ತಿರುವಿಗೆ ಕತ್ತಿನ ಮೂಳೆಗಳೊಳಗೆ ಹಾದುಹೋಗುವ ರಕ್ತನಾಳ ಸೀಳಿ ಲಕ್ವ ಹೊಡೆಯುವುದು ಅಪರೂಪವಾದರೂ ಆಗಿದ್ದುಂಟು. ನಾನು ಮಾಡುವ ಆಸ್ಟಿಯೋಪತಿಯಲ್ಲೂ, ಅಂದರೆ ಸ್ನಾಯು–ಕೀಲುಗಳಿಗೆ ಕೈಯಿಂದಲೇ ಕೊಡುವ ಚಿಕಿತ್ಸೆಯಲ್ಲೂ, ರಭಸದ ತಂತ್ರಗಳಿವೆ. ಕತ್ತಿಗೆ ನಾನು ಅವನ್ನು ಮುಟ್ಟುವುದಿಲ್ಲ. ನನ್ನ ಆಯ್ಕೆ ಅದರದೇ ಮೆತ್ತನೆಯ ತಂತ್ರವಾದ ಕೌಂಟರ್‌ಸ್ಟ್ರೈನ್.

ಅಮೆರಿಕದ ಆಂಡ್ರ್ಯೂ ಟೇಲರ್ ಸ್ಟಿಲ್ ಆಸ್ಟಿಯೋಪತಿಯನ್ನು ಸಾರಿದ್ದು 1874ರಲ್ಲಿ. ಕೌಂಟರ್‌ಸ್ಟ್ರೈನ್ ಬಂದದ್ದು ತೀರಾ ತಡವಾಗಿ, 1955ರಲ್ಲಿ. ನೆಟ್ಟಗೆ ನಿಲ್ಲಲಾಗದ ಒಬ್ಬ ರೋಗಿಯನ್ನು ಆಸ್ಟಿಯೋಪತಿ ವೈದ್ಯ ಲಾರೆನ್ಸ್ ಜೋನ್ಸ್ ಅವನಿಗೆ ಹಿತವೆನಿಸಿದ ಭಂಗಿಯಲ್ಲೇ ಮಲಗಿಸಿ ಬಿಟ್ಟರು. ಎದ್ದವನು ನೆಟ್ಟಗೆ ನಿಂತ. ಬಿಗಿದ ಸ್ನಾಯುವನ್ನು ಎಳೆಯಬೇಡ, ಅದು ಮುದುಡಿದ ಕಡೆಗೇ ಇನ್ನಷ್ಟು ಮಡಚಿ ಹಿಡಿ – ತತ್ತ್ವ ಇಷ್ಟೇ. ಸ್ನಾಯುವಿನೊಳಗಿನ ಎಳೆತ ಅಳೆಯುವ ಸಂವೇದಕಗಳ ಗದ್ದಲ ಆಗ ಅಡಗುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆ. ಅದಿನ್ನೂ ವಿವರಣೆ ಮಾತ್ರ, ಸಿದ್ಧವಾದ ಸಂಗತಿಯಲ್ಲ.

ಕೈ ಇಡುವ ಮೊದಲು ಪ್ರಶ್ನೆಗಳು. ಇತ್ತೀಚೆಗೆ ಬಿದ್ದಿದ್ದೀರಾ? ಜ್ವರ, ಕಾರಣವಿಲ್ಲದೆ ತೂಕ ಇಳಿಕೆ? ಕೈಕಾಲಲ್ಲಿ ಬಲ ಕಡಿಮೆ, ಮೂತ್ರದ ಹತೋಟಿ ತಪ್ಪುವುದು? ಹಿಂದೆಂದೂ ಇಲ್ಲದ ತಲೆನೋವು, ಎರಡೆರಡಾಗಿ ಕಾಣುವುದು, ಮಾತು ತೊದಲುವುದು? ಒಂದಕ್ಕೆ ಹೌದೆಂದರೂ ಅವರು ಹೋಗಬೇಕಾದ್ದು ಆಸ್ಪತ್ರೆಗೆ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಕತ್ತಿನ ಮೊದಲೆರಡು ಮೂಳೆಗಳ ಬಂಧ ಸಡಿಲವಿರಬಹುದು, ಅವರ ಕತ್ತಿಗೂ ಕೈ ಹಾಕುವುದಿಲ್ಲ.

ಈಗ ಕುತ್ತಿಗೆಯಿಂದ ಹೆಗಲಿಗಿಳಿಯುವ ಟ್ರೆಪೀಜಿಯಸ್ ಸ್ನಾಯುವನ್ನೇ ತೆಗೆದುಕೊಳ್ಳಿ. ಅಂಗಾತ ಮಲಗಿಸಿ, ತಲೆಯ ಬಳಿ ಕೂತು, ಕತ್ತು ಮತ್ತು ಹೆಗಲ ತುದಿಯ ನಡುಮಧ್ಯದಲ್ಲಿ ಅಂಚನ್ನು ಹೆಬ್ಬೆರಳು–ತೋರುಬೆರಳ ನಡುವೆ ಹಿಡಿಯುತ್ತೇನೆ. ಅವರು ‘ಅಲ್ಲೇ’ ಅನ್ನುವ ಬಿಂದು ಸಿಕ್ಕಾಗ, ಆ ನೋವಿಗೆ 10 ಅಂಕ. ಆಮೇಲೆ ಕಿವಿಯನ್ನು ಅದೇ ಹೆಗಲ ಕಡೆ ಬಾಗಿಸಿ, ಮುಖವನ್ನು ಸ್ವಲ್ಪ ಆಚೆಗೆ ತಿರುಗಿಸಿ, ತೋಳನ್ನು ಪಕ್ಕಕ್ಕೆ ಸುಮಾರು 90 ಡಿಗ್ರಿ ಎತ್ತುತ್ತೇನೆ. ‘ಈಗ ಎಷ್ಟು?’ 3 ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಐದಕ್ಕೇ ನಿಂತರೆ ಒತ್ತಡ ಹೆಚ್ಚಿಸಿ ಫಲವಿಲ್ಲ, ಭಂಗಿಯನ್ನು ಒಂದೆರಡು ಡಿಗ್ರಿ ತಿದ್ದಬೇಕು. ಸರಿಯಾದ ಜಾಗ ಬಂದಾಗ ಬೆರಳಡಿಯ ಗಂಟು ಮೆತ್ತಗಾಗುವುದು ಗೊತ್ತಾಗುತ್ತದೆ.

ಅಲ್ಲಿಂದ 90 ಸೆಕೆಂಡು. ಬೆರಳು ಬಿಂದುವಿನ ಮೇಲೇ ಇರುತ್ತದೆ, ಒತ್ತುವುದಿಲ್ಲ. ಕಲಿಯುವವರು ಕೆಡಿಸುವುದು ಇಲ್ಲೇ: ಸುಮ್ಮನಿರಲಾಗದೆ ತಿಕ್ಕುತ್ತಾರೆ, ಇಲ್ಲವೇ ಅಂದಾಜಿನ ಮೇಲೆ ನಲವತ್ತಕ್ಕೇ ಬಿಡುತ್ತಾರೆ. ಗೋಡೆಯ ಗಡಿಯಾರ ನೋಡಿ. ನಿಮ್ಮ ಮೊಣಕೈಗೆ ಆಸರೆ ಇಲ್ಲದಿದ್ದರೆ ಮೂವತ್ತಕ್ಕೇ ಕೈ ನಡುಗುತ್ತದೆ, ಆ ನಡುಕ ಅವರ ಕತ್ತಿಗೂ ದಾಟುತ್ತದೆ. ರೋಗಿ ಉಪಕಾರಕ್ಕೆಂದು ತೋಳನ್ನು ತಾನೇ ಎತ್ತಿ ಹಿಡಿಯುವುದೂ ಉಂಟು. ‘ಕೈಯ ಭಾರ ನನಗೆ ಕೊಡಿ’ ಅನ್ನಬೇಕು. ತೋಳು ಭಾರ ಅನ್ನಿಸದಿದ್ದರೆ ಸ್ನಾಯು ಇನ್ನೂ ಕೆಲಸದಲ್ಲಿದೆ ಎಂದೇ ಅರ್ಥ.

ಬಿಡುವ ಕ್ಷಣ ಹಿಡಿಯುವುದಕ್ಕಿಂತ ನಾಜೂಕು. ಮೊದಲ ಕೆಲವು ಡಿಗ್ರಿಗಳನ್ನು ತೀರಾ ನಿಧಾನ ತರುತ್ತೇನೆ, ಪೂರ್ತಿ ಮರಳಲು ಹತ್ತು ಸೆಕೆಂಡಾದರೂ ಬೇಕು. ರೋಗಿ ತಾನಾಗಿ ತಲೆ ಎತ್ತಿಬಿಟ್ಟರೆ ಸ್ನಾಯು ತಟ್ಟನೆ ಮತ್ತೆ ಬಿಗಿಯುತ್ತದೆ, ಮಾಡಿದ್ದೆಲ್ಲ ನೀರುಪಾಲು. ಮತ್ತೆ ಅದೇ ಬಿಂದು, ಅಷ್ಟೇ ಒತ್ತಡ, ಅದೇ ಪ್ರಶ್ನೆ. ಮೂರಕ್ಕಿಂತ ಹೆಚ್ಚಿದ್ದರೆ ಇನ್ನೊಂದು ಸಲ. ಒಂದು ಭೇಟಿಗೆ ಐದಾರು ಬಿಂದು ಸಾಕು, ಮೀರಿದರೆ ಮರುದಿನ ಮೈಯೆಲ್ಲ ನೋವು.

ಕೊನೆಗೆ ದಿಂಬು ತೆಗೆದು, ಬುರುಡೆಯ ಹಿಂಬದಿಯ ಅಂಚಿನ ಕೆಳಗೆ ಬೆರಳ ತುದಿಗಳನ್ನಿಟ್ಟು ಮೂರರಿಂದ ಐದು ನಿಮಿಷ. ಉಗುರು ಕತ್ತರಿಸಿರಬೇಕು, ಕೈ ಬೆಚ್ಚಗಿರಬೇಕು. ಒತ್ತುವ ಕೆಲಸ ತಲೆಯದು, ಅದರ ನಾಲ್ಕೈದು ಕಿಲೋ ಭಾರವೇ ಧಾರಾಳ. ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು. ಇದು ಮನಸ್ಸಿಗೂ ಚಿಕಿತ್ಸೆ ಅನ್ನುವವರಿದ್ದಾರೆ. ಆ ಮಾತಿಗೆ ನಾನು ಕಾಣುವ ಅರ್ಥ ಇಲ್ಲಿಯದು: ಹೊಟ್ಟೆ ಗುಡುಗುಡು ಅನ್ನುತ್ತದೆ, ದವಡೆ ಸಡಿಲವಾಗುತ್ತದೆ, ಕೆಲವರಿಗೆ ಕಣ್ಣೀರು ಬರುತ್ತದೆ. ಕಾರಣ ಕೇಳಬಾರದು, ಕೈ ತೆಗೆಯಲೇ ಎಂದಷ್ಟೇ ಕೇಳಬೇಕು. ಖಿನ್ನತೆ ಇದರಿಂದ ವಾಸಿಯಾಗದು, ಮಾತ್ರೆ ನಿಲ್ಲಿಸಿ ಎನ್ನುವವರ ಹತ್ತಿರ ಹೋಗಬೇಡಿ. ಬುರುಡೆಯ ಮೂಳೆಗಳ ಲಯ ಕೈಗೆ ಸಿಗುತ್ತದೆ ಎನ್ನುವ ಕ್ರೇನಿಯಲ್ ಪಂಥದ ಬಗ್ಗೆಯೂ ನನಗೆ ನಂಬಿಕೆಯಿಲ್ಲ. ಒಂದೇ ತಲೆಯಲ್ಲಿ ಇಬ್ಬರು ಪರೀಕ್ಷಕರು ಎಣಿಸಿದ ಲಯ ತಾಳೆಯಾಗುವುದು ಕಷ್ಟ.

ಎದ್ದೇಳುವಾಗ ಪಕ್ಕಕ್ಕೆ ಹೊರಳಿ, ಕೈಯೂರಿ, ಮಂಚದ ಅಂಚಿನಲ್ಲಿ ಒಂದು ನಿಮಿಷ ಕೂರಬೇಕು. ಒಂದೆರಡು ದಿನ ಸಣ್ಣ ನೋವು ಇರಬಹುದು. ಆ ದಿನ ಹೆಲ್ಮೆಟ್ ಹಾಕಿ ದೂರದ ಸವಾರಿ ಬೇಡ. ಕತ್ತು ಸಡಿಲವಾಯಿತೇ ಎಂದು ಗಳಿಗೆಗೊಮ್ಮೆ ತಿರುವಿ ಪರೀಕ್ಷಿಸುವುದೂ ಬೇಡ.