ಅಡಿ ಲೆಕ್ಕ ಬಿಟ್ಟೆ, ಬ್ರಷ್ ಉಳಿಯಿತು

ಈ ಯುಗಾದಿಗೆ ಖಾತೆ ಪುಸ್ತಕ ತೆಗೆದು ಕೂಡಿ ನೋಡಿದೆ. ಹೋದ ವರ್ಷ ಬಣ್ಣ, ತಗಡು, ಓಡಾಟ, ಹುಡುಗನ ಸಂಬಳ ಎಲ್ಲ ಕಳೆದು ಕೈಗೆ ಉಳಿದದ್ದು ಹತ್ತಿರ ಹತ್ತಿರ 5 ಲಕ್ಷ 80 ಸಾವಿರ. ದಾವಣಗೆರೆಯಲ್ಲೇ ಕೂತು, ಬರೀ ಕೈಬರಹದ ಬೋರ್ಡಿನಿಂದ, ಒಂದಡಿ ಫ್ಲೆಕ್ಸೂ ಮಾಡದೆ. ಬೋರ್ಡಿಗೆ ಚದರಡಿಗೆ ಇಷ್ಟು ಎಂದು ರೇಟು ಹೇಳುವುದೇ ನಮ್ಮಲ್ಲಿ ಅಡಿ ಲೆಕ್ಕ. ‘ಅಡಿ ಲೆಕ್ಕ ಬಿಟ್ಟರೆ ಯಾರೂ ನಿನ್ನ ಅಂಗಡಿ ಮೆಟ್ಟಿಲು ಹತ್ತಲ್ಲ’ ಎಂದು ಹೇಳಿದವರು ನಮ್ಮ ಲೈನಿನವರೇ. ಅವರಲ್ಲಿ ಇಬ್ಬರು ಈಚೆಗೆ ನನ್ನ ರೇಟು ಕೇಳಿಕೊಂಡು ಹೋಗಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ. ಪ್ರೈಮರ್ ಹೊಡೆಯೋದು, ದಾರ ಹೊಡೆದು ಗೆರೆ ಹಾಕೋದು, ಶೇಡ್ ಕೊಡೋದು ಬೋರ್ಡು ಬರೆಯುವ ನಿಮಗೆ ಗೊತ್ತಿರುವ ಕೆಲಸ. ನಾನು ಹೇಳೋದು ದುಡ್ಡಿನ ಮಾತು.

1996ರಲ್ಲಿ ಹತ್ತನೇ ಕ್ಲಾಸು ಫೇಲಾಗಿ ನಮ್ಮ ಗುರುಗಳ ಹತ್ತಿರ ಸೇರಿದೆ. ಎರಡು ವರ್ಷ ಬ್ರಷ್ ತೊಳೆದೆ, ಗೆರೆಯೊಳಗೆ ಬಣ್ಣ ತುಂಬಿದೆ. ಮೂರನೇ ವರ್ಷ ಅಕ್ಷರ ಬರೆಯಲು ಬಿಟ್ಟರು. 2001ರಲ್ಲಿ ಪಿ.ಬಿ. ರಸ್ತೆಯಿಂದ ಒಳಗೆ ಒಂದು ಸಣ್ಣ ಮಳಿಗೆ ಹಿಡಿದೆ, ಬಾಡಿಗೆ 600. ತಗಡು ಅವರದಾದರೆ ಅಡಿಗೆ 25 ರೂಪಾಯಿ, ನಮ್ಮದಾದರೆ 45. ತಿಂಗಳಿಗೆ ಹದಿನೈದು ಬೋರ್ಡು ಸಲೀಸಾಗಿ ಬರುತ್ತಿತ್ತು. ಶ್ರಾವಣದಿಂದ ದೀಪಾವಳಿವರೆಗೆ ಮಲಗಲು ಪುರಸೊತ್ತಿಲ್ಲ.

ಆಮೇಲೆ ಫ್ಲೆಕ್ಸ್ ಬಂತು. ಮೊದಮೊದಲು ಅದೇ ದುಬಾರಿ, ನಾವು ನಕ್ಕೆವು. ಎರಡೇ ವರ್ಷದಲ್ಲಿ ಅಡಿಗೆ ಹತ್ತು ಹನ್ನೆರಡಕ್ಕೆ ಇಳಿಯಿತು. ಬೆಳಗ್ಗೆ ಹೇಳಿದರೆ ಮಧ್ಯಾಹ್ನ ಕೈಗೆ. ಆಗ ನಾನು ಮಾಡಿದ ದೊಡ್ಡ ತಪ್ಪು ನನ್ನ ರೇಟನ್ನೂ ಇಳಿಸಿದ್ದು. 25ರಿಂದ 22, ಆಮೇಲೆ 18. ಬಣ್ಣದ ಡಬ್ಬಿ ಬೆಲೆ ಏರುತ್ತಿತ್ತು, ನಾನು ಇಳಿಯುತ್ತಿದ್ದೆ. 2009ರಲ್ಲಿ ಸುಮಾರು 40 ಸಾವಿರ ಸಾಲ ಮೈಮೇಲೆ ಎಳೆದುಕೊಂಡು ಮಳಿಗೆ ಬಾಗಿಲು ಹಾಕಿದೆ. ಮುಂದೆ ನಾಲ್ಕು ವರ್ಷ ಅದೇ ಫ್ಲೆಕ್ಸಿಗೆ ಫ್ರೇಮು ಹೊಡೆಯುವ ಕೂಲಿ, ದಿನಕ್ಕೆ 250. ಬರೆಯುವ ಕೈಯಲ್ಲಿ ಸುತ್ತಿಗೆ ಹಿಡಿದ ಆ ನಾಲ್ಕು ವರ್ಷ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ದಾರಿ ತೋರಿಸಿದ್ದು ಒಂದು ಬೆಣ್ಣೆ ದೋಸೆ ಹೋಟೆಲು. ಸೌದೆ ಒಲೆಯ ಅಡುಗೆಮನೆ, ಬಾಗಿಲ ಮೇಲೇ ಬೋರ್ಡು. ಎಂಟು ತಿಂಗಳಿಗೊಂದು ಫ್ಲೆಕ್ಸ್ ಬದಲಿಸಿ ಅವರು ಬೇಸತ್ತಿದ್ದರು. ಹೊಗೆ, ಜಿಡ್ಡು ಕೂತರೆ ಫ್ಲೆಕ್ಸ್ ಒರೆಸಲು ಬರುವುದಿಲ್ಲ, ಉಜ್ಜಿದರೆ ಅಕ್ಷರವೇ ಏಳುತ್ತದೆ. ‘ನಮ್ಮಪ್ಪನ ಕಾಲದ ಬೋರ್ಡು ಹದಿನಾರು ವರ್ಷ ಇತ್ತು ಕಣಣ್ಣ, ಹಂಗೇ ಬರ್ಕೊಡು’ ಎಂದರು ಯಜಮಾನರು. ಅಡಿ ಎಷ್ಟು ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಂಟಡಿಗೆ ಮೂರಡಿ ಬೋರ್ಡಿಗೆ ಒಟ್ಟು 4,500 ಎಂದೆ. ಹೇಳುವಾಗ ಎದೆ ಢವಢವ. ಅವರು ಗಲ್ಲಾಪೆಟ್ಟಿಗೆ ತೆಗೆದು ಎರಡು ಸಾವಿರ ಎಣಿಸಿ ಕೈಗಿಟ್ಟರು. ಅಡಿ ಲೆಕ್ಕದಲ್ಲಿ ತಗಡು ಸೇರಿ ಅದಕ್ಕೆ ಸಾವಿರದ ಮೇಲೆ ಸಿಗುತ್ತಿರಲಿಲ್ಲ.

ಅವತ್ತು ರಾತ್ರಿ ಕೂತು ಯೋಚಿಸಿದೆ. ಅಡಿ ಲೆಕ್ಕ ಹೇಳಿದ ಕೂಡಲೇ ಗಿರಾಕಿ ನನ್ನನ್ನು ಮಷಿನ್ನಿನ ಪಕ್ಕ ನಿಲ್ಲಿಸಿ ತೂಗುತ್ತಾನೆ. ಅಲ್ಲಿ ನಾನು ಯಾವತ್ತೂ ಸೋಲುವವನೇ. ಅಂಗಡಿ ಹೆಸರಿಗೆ ಬೇರೆಲ್ಲೂ ಸಿಗದ ಅಕ್ಷರ ಬರೆದುಕೊಡುತ್ತೇನೆ ಎಂದರೆ ತಕ್ಕಡಿಯೇ ಬೇರೆ.

ಹಾಗಾಗಿ ನನ್ನ ಪದ್ಧತಿ ಹೀಗಾಯಿತು. ಬೋರ್ಡು ಕೇಳಿ ಬಂದವರ ಅಂಗಡಿಗೆ ಹೋಗಿ ಅರ್ಧ ತಾಸು ಎದುರಿಗೆ ನಿಲ್ಲುತ್ತೇನೆ. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಬಸ್ಸಿನಲ್ಲಿ ಹೋಗುವವರಿಗೆ ಎಷ್ಟು ಹೊತ್ತು ಕಾಣುತ್ತದೆ ನೋಡುತ್ತೇನೆ. ಪೆನ್ಸಿಲ್ಲಿನಲ್ಲಿ ಮೂರು ನಮೂನೆ ಬರೆದು ತೋರಿಸುತ್ತೇನೆ. ಆ ನಮೂನೆಗೇ 1,000. ಬೋರ್ಡು ಮಾಡಿಸಿದರೆ ಅದರಲ್ಲಿ ವಜಾ, ಇಲ್ಲದಿದ್ದರೆ ವಾಪಸಿಲ್ಲ. ಒಪ್ಪಿದ ದಿನ ಅರ್ಧ ದುಡ್ಡು, ಅದೂ ಚೀಟಿಯಲ್ಲಿ ಬರೆದು ಇಬ್ಬರ ಸಹಿ. ‘ಪೆನ್ಸಿಲ್ ಗೀಚಿದ್ದಕ್ಕೆ ಸಾವಿರ ಕೇಳ್ತಾನಂತೆ’ ಎಂದು ಮಂಡಿಪೇಟೆ ತುಂಬ ಆಡಿಕೊಂಡರು. ಮೊದಲ ಐದಾರು ತಿಂಗಳು ಬಂದ ಹತ್ತರಲ್ಲಿ ಏಳು ಜನ ಎದ್ದು ಹೋದರು, ಮನೆಯಲ್ಲಿ ಅಕ್ಕಿ ಸಾಲದಲ್ಲಿ ಬಂತು. ಆದರೆ ಉಳಿದ ಮೂವರಿಂದ ಬಂದ ದುಡ್ಡು ಹಿಂದಿನ ಹತ್ತು ಜನರಿಂದ ಬರುತ್ತಿದ್ದಕ್ಕಿಂತ ಹೆಚ್ಚಿತ್ತು. ಈಗ ಆ ದೋಸೆ ಹೋಟೆಲಿನಂಥದೇ ಬೋರ್ಡಿಗೆ 8ರಿಂದ 11 ಸಾವಿರ.

ಇನ್ನೊಂದು ಮಾಡಿದ್ದು ವರ್ಷದ ಒಪ್ಪಂದ. ವರ್ಷಕ್ಕೊಮ್ಮೆ ಬೋರ್ಡು ತೊಳೆದು, ಬಿಸಿಲಿಗೆ ಸತ್ತ ಕಡೆ ಬಣ್ಣ ತಾಗಿಸುತ್ತೇನೆ, 700 ರೂಪಾಯಿ. ಅರ್ಧ ದಿನಕ್ಕೆ ಮೂರು ಬೋರ್ಡು ಮುಗಿಯುತ್ತದೆ. ಹೀಗೆ ಸುಮಾರು 60 ಅಂಗಡಿ ಇವೆ. ಆಷಾಢದಲ್ಲಿ ಹೊಸ ಕೆಲಸ ಬರದಿದ್ದಾಗ ನನ್ನನ್ನು ನಿಲ್ಲಿಸಿದ್ದು ಇದೇ.

ಹೊಡೆತವೂ ಸಾಕಷ್ಟು ತಿಂದಿದ್ದೇನೆ. 2015ರಲ್ಲಿ ಹೊಸ ಜಿ.ಐ. ಶೀಟಿಗೆ, ಅಂದರೆ ಸತುವಿನ ಲೇಪದ ತಗಡಿಗೆ, ಮಾಮೂಲಿ ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ಹನ್ನೊಂದು ಬೋರ್ಡು ಬರೆದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಹಪ್ಪಳದ ಹಾಗೆ ಎದ್ದು ಬಂತು. ಹನ್ನೊಂದನ್ನೂ ಪುಕ್ಕಟೆ ಬರೆದುಕೊಟ್ಟೆ, 26 ಸಾವಿರ ಹೋಯಿತು. ಹೊಳೆಯುವ ಹೊಸ ಜಿ.ಐ. ಶೀಟಾದರೆ ಎಚ್ (etch) ಪ್ರೈಮರ್, ಅಂದರೆ ತಗಡಿಗೆ ಬಣ್ಣ ಕಚ್ಚಿಸುವ ಪ್ರೈಮರ್ ಇಲ್ಲದೆ ಮುಟ್ಟಬೇಡಿ, ಇಲ್ಲವೇ ಒಂದು ಮಳೆ ಒಂದು ಬೇಸಿಗೆ ಹೊರಗಿಟ್ಟು ಹೊಳಪು ಹೋದ ಮೇಲೆ ಚೆನ್ನಾಗಿ ಉಜ್ಜಿ ಬರೆಯಿರಿ. ಆದರೆ ಆ ಹನ್ನೊಂದು ಜನರಲ್ಲಿ ಒಬ್ಬರೂ ಇವತ್ತಿನವರೆಗೆ ನನ್ನನ್ನು ಬಿಟ್ಟು ಹೋಗಿಲ್ಲ. ಇನ್ನೊಂದು ಸಲ ಒಬ್ಬ ಗುತ್ತಿಗೆದಾರರಿಗೆ ಶಾಲೆ ಗೋಡೆ ಬರೆದೆ. ನಲಿ-ಕಲಿ ಕೋಣೆಗಳು, ಮಗ್ಗಿ, ವರ್ಣಮಾಲೆ, ಪ್ರಾಣಿ ಪಕ್ಷಿ, ಹದಿನೆಂಟು ದಿನದ ಕೆಲಸ. ಬಿಲ್ಲು ಪಾಸಾಯಿತು, ನನಗೆ ಬರಬೇಕಾದ 34 ಸಾವಿರ ಇನ್ನೂ ಬಂದಿಲ್ಲ. ಚೀಟಿ ಬರೆಸಿರಲಿಲ್ಲ. ಪರಿಚಯದವರು ಎಂಬ ದಾಕ್ಷಿಣ್ಯ.

2018ರ ಆಗಸ್ಟಿನಲ್ಲಿ ಹೈಕೋರ್ಟ್ ಚಾಟಿ ಬೀಸಿ ಬೆಂಗಳೂರಿನಲ್ಲಿ ಫ್ಲೆಕ್ಸ್ ಇಳಿಸಿದಾಗ ನಮ್ಮ ಕಾಲ ವಾಪಸ್ ಬಂತು ಎಂದು ಎಲ್ಲರೂ ಹಿಗ್ಗಿದರು. ನನಗೆ ಅದರಿಂದ ಸಿಕ್ಕಿದ್ದು ಎರಡೇ ಕೆಲಸ. ಆದರೆ ಅದರಲ್ಲೊಂದು ಕಾಫಿ ಅಂಗಡಿಯ ಗೋಡೆ, 22 ಸಾವಿರ. ಅದರ ಫೋಟೊ ಓಡಾಡಿದ್ದರಿಂದ ಇವತ್ತಿಗೂ ಬೆಂಗಳೂರಿನಿಂದ ಫೋನು ಬರುತ್ತದೆ. ನಿಜವಾಗಿ ಕೈ ಹಿಡಿದದ್ದು 2024ರ ಕಾನೂನು. ಬೋರ್ಡಿನಲ್ಲಿ ಶೇ 60 ಕನ್ನಡ, ಅದೂ ಮೇಲಿನ ಅರ್ಧದಲ್ಲಿ. ಇಂಗ್ಲಿಷಿನ ಅಳತೆಗೆ ಮಾಡಿದ ಬೋರ್ಡಿನಲ್ಲಿ ಕನ್ನಡ ಕೂರಿಸಲು ಹೋಗಿ ಎಷ್ಟೋ ಜನ ಅಕ್ಷರವನ್ನು ಚಪ್ಪಟೆ ಒತ್ತಿದರು. ಇಂಗ್ಲಿಷ್ ದೊಡ್ಡಕ್ಷರಕ್ಕೆ ಮೇಲೊಂದು ಕೆಳಗೊಂದು ಗೆರೆ ಸಾಕು. ನಮ್ಮ ‘ಲಕ್ಷ್ಮೀ’ಗೆ ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಷಕಾರ ಮಕಾರ ಎರಡೂ ಒತ್ತು. ನಾನು ಎತ್ತರದಲ್ಲಿ ಕೆಳಗಿನ ಮೂರನೇ ಒಂದು ಪಾಲನ್ನು ಒತ್ತಿಗೇ ಬಿಡುತ್ತೇನೆ. ಒತ್ತಿಲ್ಲದ ಅಕ್ಷರದ ಕೆಳಗೆ ಖಾಲಿ ಉಳಿಯುತ್ತದಲ್ಲ, ಅಲ್ಲೇ ಇಂಗ್ಲಿಷ್ ಸಾಲನ್ನು ಸಣ್ಣದಾಗಿ ಸೇರಿಸುತ್ತೇನೆ. ಇದು ಕಂಪ್ಯೂಟರಿನಲ್ಲಿ ಆಗುವುದಿಲ್ಲವೆಂದಲ್ಲ, ಮಾಡುವ ತಾಳ್ಮೆ ಅಲ್ಲಿ ಯಾರಿಗೂ ಇರಲಿಲ್ಲ. ಆ ಕಾನೂನಿನ ಗಡಿಬಿಡಿಯ ಮೂರು ತಿಂಗಳಲ್ಲಿ 31 ಬೋರ್ಡು ಬರೆದೆ, ಅದರಲ್ಲಿ ಒಂಬತ್ತು ಬೆಂಗಳೂರಿನವು.

ಹೆಸರನ್ನು ಕಾಗದದ ಮೇಲೆ ಬರೆದು ಸ್ಕ್ಯಾನ್ ಮಾಡಿ ಕಳಿಸುವ ಕೆಲಸ ಲಾಕ್‌ಡೌನಿನಲ್ಲಿ ಶುರುವಾದದ್ದು. ಈಗ ಒಂದು ಹೆಸರಿಗೆ 6 ಸಾವಿರ. ಒಂದು ಕಂಪನಿಯವರು ಬಿಲ್ಲಿನಲ್ಲಿ ‘ಡಿಸೈನ್’ ಎಂದಿದ್ದಕ್ಕೆ ಶೇ 10 ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಹಿಡಿದರು. ದುಡ್ಡು ಹೋಯಿತೆಂದುಕೊಂಡಿದ್ದೆ, ರಿಟರ್ನ್ ಹಾಕಿದ ಮೇಲೆ ಪೂರ್ತಿ ವಾಪಸ್ ಬಂತು. ಪ್ಯಾನ್ ಕಾರ್ಡು, ಬಿಲ್ ಪುಸ್ತಕ ಇಲ್ಲದವರು ಮೊದಲು ಅದನ್ನು ಮಾಡಿಸಿಕೊಳ್ಳಿ. ನನ್ನ ಅಕ್ಷರದ್ದೇ ಒಂದು ಫಾಂಟ್ ಮಾಡೋಣ ಎಂದು ಒಬ್ಬ ಹುಡುಗನ ಜೊತೆ ಎಂಟು ತಿಂಗಳು ಕೂತಿದ್ದೆ. ಗುಣಿತ, ಒತ್ತು, ಜೋಡಣೆ ಸೇರಿ ನೂರಾರು ಆಕಾರ. ಇನ್ನೂರು ದಾಟುವಷ್ಟರಲ್ಲಿ ಕೈಬಿಟ್ಟೆ. ಬೋರ್ಡಿನಲ್ಲಿ ‘ರ’ ಪಕ್ಕ ‘ಮ’ ಬಂದಾಗ ಒಂದು ಥರ, ‘ಗ’ ಬಂದಾಗ ಇನ್ನೊಂದು ಥರ ಬರೆಯುವವನು ನಾನು, ಒಂದೇ ‘ರ’ಕ್ಕೆ ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

ಕೆಂಪು ಬೇಗ ಸಾಯುತ್ತದೆ ಎಂಬ ದೂರು ಎಲ್ಲರದ್ದೂ. ಒಂದು ತಗಡಿನ ಪಟ್ಟಿಗೆ ಒಂಬತ್ತು ಥರದ ಕೆಂಪು ಬಳಿದು, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ, ಶಿವರಾತ್ರಿಯಿಂದ ಶಿವರಾತ್ರಿಗೆ ತಾರಸಿ ಮೇಲಿಟ್ಟೆ. ಗುಲಾಬಿ ಬಣ್ಣ ಐದು ತಿಂಗಳಿಗೇ ಬಿಳುಚಿತು. ಕಾವಿ ಮಾತ್ರ ಅಲ್ಲಾಡಲಿಲ್ಲ. ಮೇಲೆ ವಾರ್ನಿಷ್ ಹೊಡೆದವು ಇನ್ನೂ ಕೆಟ್ಟವು, ಹಳದಿ ತಿರುಗಿದವು. ಅವತ್ತಿನಿಂದ ಪಶ್ಚಿಮದ ಬಿಸಿಲು ಬೀಳುವ ಬೋರ್ಡಿಗೆ ಕಾವಿ ನೆಲ (ಅಕ್ಷರದ ಹಿಂದಿನ ಬಣ್ಣ), ಕೆನೆ ಬಣ್ಣದ ಅಕ್ಷರ. ಔಟ್‌ಲೈನಿಗೆ ಬಣ್ಣ ತೆಳು ಮಾಡುವಾಗ ಟರ್ಪೆಂಟೈನಿನ ಜೊತೆ ನಾನು ಇನ್ನೊಂದು ಸೇರಿಸುತ್ತೇನೆ, ಅದರಿಂದ ನಾಲ್ಕಡಿ ಗೆರೆ ಒಂದೇ ಎಳೆತಕ್ಕೆ ಹರಿಯುತ್ತದೆ. ಅದು ನಮ್ಮ ಗುರುಗಳು ಕೊಟ್ಟದ್ದು, ಹತ್ತಿರ ಕೂತು ಕಲಿಯುವವರಿಗೆ ಬಿಟ್ಟು ಬೇರೆಯವರಿಗೆ ಹೇಳುವುದಿಲ್ಲ.

ಸದ್ಯ ಹಾಗೆ ಕೂತು ಕಲಿಯುತ್ತಿರುವುದು ದೃಶ್ಯಕಲಾ ಕಾಲೇಜಿನ ಒಬ್ಬ ಹುಡುಗಿ. ಶನಿವಾರ, ಭಾನುವಾರ ಬರುತ್ತಾಳೆ, ದಿನಕ್ಕೆ 500 ಕೊಡುತ್ತೇನೆ. ಹೋದ ವಾರ ದೋಸೆ ಹೋಟೆಲಿನ ಯಜಮಾನರ ಮಗ ಫೋನು ಮಾಡಿದ್ದರು. ಬೋರ್ಡನ್ನು ನೆಲದಿಂದ ಹೊಸದಾಗಿ ಬರೆಯಬೇಕಂತೆ. 9,500 ಎಂದೆ. ಮಾತು ಮುಗಿಯುವ ಮೊದಲೇ ಅರ್ಧ ದುಡ್ಡು ಫೋನ್‌ಪೇಯಲ್ಲಿ ಬಂತು. ಸೋಮವಾರ ಹೋಟೆಲು ರಜೆ, ಅವತ್ತು ಇಳಿಸಿಕೊಂಡು ಬರುತ್ತೇವೆ. ‘ಬೆಣ್ಣೆ’ಯ ಒತ್ತನ್ನು ಈ ಸಲ ಅವಳ ಕೈಯಲ್ಲಿ ಬರೆಸುತ್ತೇನೆ.